ನೀರಗಂಟಿಯನ್ನು ಕೇಳದೆ ಬಿಡುವುದೇ?

ನಮಸ್ಕಾರ. ಕಳೆದ ಸಂಚಿಕೆಗೆ ವೀಕ್ಷಕರೊಬ್ಬರು, “ಸ್ಪ್ಯಾಮ್ ಕರೆ ಬಂದರೆ ಬ್ಲಾಕ್ ಮಾಡಿದರಾಯಿತು, ಇಷ್ಟೊಂದು ರಂಪವೇಕೆ?” ಎಂದು ಬರೆದಿದ್ದಾರೆ. ಸ್ವಾಮಿ, ಮೊನ್ನೆ ನಮ್ಮ ತಾಯಿಯವರು ಕೈಗಂಟಿದ ರೊಟ್ಟಿ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಫೋನೆತ್ತಿ, “ಸಾಲ ಬೇಡಮ್ಮ, ನಿನ್ನ ಊಟ ಆಯಿತೇ?” ಎಂದು ವಿಚಾರಿಸಿದರು. ಆ ಕಡೆ ಇದ್ದದ್ದು ರೆಕಾರ್ಡ್ ಮಾಡಿದ ಧ್ವನಿ; ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಲೇ ಇತ್ತು. ಬ್ಲಾಕ್ ಮಾಡಿದೆ. ಸಂಜೆ ಅದೇ ಧ್ವನಿ ಬೇರೆ ನಂಬರಿನಿಂದ ಬಂತು.

ಕರೆ ಮಾಡಿದವನಷ್ಟೇ ಅಲ್ಲ, ಅದನ್ನು ಹಾಯಿಸಿದ ಫೋನ್ ಕಂಪನಿಯೂ ದಂಡ ತೆರಬೇಕು ಎಂಬುದೊಂದೇ ನನ್ನ ವಾದ. ಹೊತ್ತಲ್ಲದ ಹೊತ್ತಿನಲ್ಲಿ ಕೆರೆಯ ತೂಬು ತೆರೆದು ಗದ್ದೆ ಕೊಚ್ಚಿಹೋದರೆ, ಊರಿನವರು ತೂಬು ನೋಡಿಕೊಳ್ಳುವ ನೀರಗಂಟಿಯನ್ನು ಕೇಳದೆ ಬಿಡುತ್ತಿದ್ದರೇ?

ನಿಯಮಗಳಿಲ್ಲವೆಂದಲ್ಲ. ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್, 2018ರಲ್ಲಿ ಮಾಡಿದ ನಿಯಮಗಳನ್ನು 2025ರ ಫೆಬ್ರವರಿಯಲ್ಲಿ ಬಿಗಿಗೊಳಿಸಿ, ಹತ್ತು ದಿನಗಳಲ್ಲಿ ಐದು ದೂರು ಬಂದರೆ ಕರೆ ಮಾಡಿದವನ ಮೇಲೆ ಕ್ರಮ ಜರುಗಿಸಬೇಕೆಂದಿತು; ಕಂಪನಿಗಳಿಗೆ 2 ಲಕ್ಷ, 5 ಲಕ್ಷ, 10 ಲಕ್ಷ ರೂಪಾಯಿಗಳ ದಂಡವನ್ನೂ ಗೊತ್ತುಮಾಡಿತು. ಆದರೆ ಆ ದಂಡ ಕರೆ ಹಾಯಿಸಿದ್ದಕ್ಕಲ್ಲ, ಅಂತಹ ಕರೆಗಳ ಲೆಕ್ಕವನ್ನು ತಪ್ಪಾಗಿ ಒಪ್ಪಿಸಿದ್ದಕ್ಕೆ! ಆ ಲೆಕ್ಕ ಬರೆಯುವವರೂ ಅವರೇ.

“ಕೋಟ್ಯಂತರ ಕರೆಗಳಲ್ಲಿ ಯಾವುದು ಕಳ್ಳಕರೆ ಎಂದು ಪಾಪ, ಕಂಪನಿಗೆ ಹೇಗೆ ತಿಳಿಯಬೇಕು?” ಎನ್ನುವವರಿದ್ದಾರೆ. ನನ್ನ ರೀಚಾರ್ಜ್ ಮುಗಿಯಲು ಮೂರು ದಿನವಿರುವಾಗಲೇ ಬೆನ್ನು ಹತ್ತುವ ಕಂಪನಿಗೆ, ಒಂದೇ ನಂಬರಿನಿಂದ ಬಿಡುವಿಲ್ಲದೆ ಹೊರಡುವ ಕರೆಗಳು ಮಾತ್ರ ಕಾಣುವುದಿಲ್ಲವಂತೆ. ಎಂತಹ ಆಯ್ದ ಕುರುಡು!

ಅಮೆರಿಕದಲ್ಲಿ 2024ರ ಜನವರಿಯಲ್ಲಿ ಬೈಡನ್ ಅವರ ನಕಲಿ ಧ್ವನಿಯ ಕರೆಗಳು ನ್ಯೂ ಹ್ಯಾಂಪ್‌ಶೈರಿನ ಮತದಾರರಿಗೆ ಹೋದಾಗ, ಕರೆ ಮಾಡಿಸಿದವನಿಗೆ 60 ಲಕ್ಷ ಡಾಲರ್ ದಂಡ ಬಿತ್ತು. ಅವನ್ನು ಸಾಗಿಸಿದ ಲಿಂಗೋ ಟೆಲಿಕಾಂ ಕೂಡ 10 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ನೀರಗಂಟಿಯನ್ನು ಕೇಳುವುದೆಂದರೆ ಹೀಗೆ.

ಇಲ್ಲಿಯೂ ಕರೆಯೊಂದಕ್ಕೆ ಇಷ್ಟು ಎಂದು ಕಂಪನಿಯಿಂದ ವಸೂಲಾಗಲಿ, ಅದು ನಮ್ಮ ತಾಯಿಯವರ ರೀಚಾರ್ಜಿಗೆ ಜಮಾ ಆಗಲಿ. ಹೇಗೆಂದು ನನ್ನನ್ನು ಕೇಳಬೇಡಿ, ತೆರಲಿ, ಅಷ್ಟೇ! ಚಾನೆಲ್ಲಿಗೆ ಚಂದಾದಾರರಾಗಿ, ಪಕ್ಕದ ಗಂಟೆಯನ್ನೂ ಒತ್ತಿ; ಈ ಗಂಟೆಯಾದರೂ ನೀವು ಒಪ್ಪಿದ ಮೇಲೆಯೇ ಬಾರಿಸುತ್ತದೆ.