ಕೂದಲು ಸುರುಳಿ ಮಾಡೋಕೆ 45 ಸಾವಿರ ಕೊಡಬೇಕಾ?

ಇವತ್ತಿನ ವಿಷಯ ಡೈಸನ್ ಏರ್‌ವ್ರ್ಯಾಪ್, ಅಂದರೆ ಗಾಳಿಯಿಂದ ಕೂದಲು ಸುರುಳಿ ಮಾಡೋ ಯಂತ್ರ. ನಮ್ಮಲ್ಲಿ ಪೂರ್ತಿ ಸೆಟ್ಟಿಗೆ ಹೆಚ್ಚುಕಡಿಮೆ 45 ಸಾವಿರ ರೂಪಾಯಿ. ಆಫರ್ ಇದ್ದಾಗ ಸ್ವಲ್ಪ ಇಳಿಯುತ್ತದೆ, ಹೊಸ ಮಾಡೆಲ್ ಬಂದಾಗ ಏರುತ್ತದೆ. ಈ ದುಡ್ಡಿಗೆ ಚೆನ್ನಾಗಿರೋ ವಾಷಿಂಗ್ ಮೆಷಿನ್ನೇ ಬರುತ್ತದೆ. ಅದು ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆಯುತ್ತದೆ. ಇದು ಒಬ್ಬರ ಕೂದಲು ಸುತ್ತುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ. ವಾರಕ್ಕೆ ಎರಡು ಸಲವಾದರೂ ತಲೆಗೆ ಸ್ನಾನ ಮಾಡಿ, ಡ್ರೈಯರ್ ಹಿಡಿದು, ಬ್ರಷ್ ಸುತ್ತಿ ಕೂದಲು ಸೆಟ್ ಮಾಡೋ ಅಭ್ಯಾಸ ನಿಮಗೆ ಈಗಾಗಲೇ ಇದೆಯಾ? ಇದ್ದರೆ ಯೋಚಿಸಿ. ಇಲ್ಲದಿದ್ದರೆ ಬೇಡ. ಯಂತ್ರ ತಂದ ಮೇಲೆ ಅಭ್ಯಾಸ ಬರುತ್ತದೆ ಅಂದುಕೊಂಡವರ ಮನೆಯ ಟ್ರೆಡ್‌ಮಿಲ್ ಮೇಲೆ ಈಗ ಬಟ್ಟೆ ಒಣಗುತ್ತಿದೆ.

ಹಾಗಂತ ಇದು ಮೋಸದ ವಸ್ತು ಅಲ್ಲ. 2018ರಲ್ಲಿ ಬಂದಾಗಿನಿಂದ ಇಷ್ಟು ಸದ್ದು ಮಾಡಿದ್ದಕ್ಕೆ ಕಾರಣ ಇದೆ. ಹಳೆಯ ಕರ್ಲಿಂಗ್ ಐರನ್ ಅಂದರೆ ಕಾದ ಕೊಳವೆ. ನೀವೇ ಕೂದಲು ಸುತ್ತಬೇಕು, ಕೈ ತಪ್ಪಿದರೆ ಕಿವಿ ಸುಡುತ್ತದೆ. ಏರ್‌ವ್ರ್ಯಾಪ್‌ನಲ್ಲಿ ಕೊಳವೆಯ ಸೀಳುಗಳಿಂದ ಗಾಳಿ ಜೋರಾಗಿ ಹೊರಬರುತ್ತದೆ. ಬಾಗಿದ ಮೈಗೆ ಅಂಟಿಕೊಂಡೇ ಹರಿಯುವುದು ಆ ಗಾಳಿಯ ಗುಣ. ಪಕ್ಕದಲ್ಲಿ ಕೂದಲು ಹಿಡಿದರೆ ಅದನ್ನೂ ಎಳೆದುಕೊಂಡು ತಾನೇ ಸುತ್ತಿಕೊಳ್ಳುತ್ತದೆ. ಇದಕ್ಕೆ ಕೊವಾಂಡ ಪರಿಣಾಮ ಅಂತ ಹೆಸರು. ಹೆನ್ರಿ ಕೊವಾಂಡ ರುಮೇನಿಯಾದ ವಿಮಾನ ಎಂಜಿನಿಯರ್. 1930ರ ದಶಕದಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡವರು. ಬುಕಾರೆಸ್ಟ್‌ನ ವಿಮಾನ ನಿಲ್ದಾಣಕ್ಕೆ ಅವರ ಹೆಸರೇ ಇದೆ. ತನ್ನ ಹೆಸರು ಕೊನೆಗೆ ಬ್ಯೂಟಿ ರೀಲ್ಸ್‌ನಲ್ಲಿ ಓಡಾಡುತ್ತದೆ ಅಂತ ಪಾಪ ಅವರು ಕನಸಲ್ಲೂ ಎಣಿಸಿರಲಿಕ್ಕಿಲ್ಲ!

ಅಷ್ಟು ಗಾಳಿ ತಳ್ಳೋಕೆ ಒಳಗಿನ ಪುಟ್ಟ ಮೋಟಾರ್ ನಿಮಿಷಕ್ಕೆ 1,10,000 ಸುತ್ತಿನವರೆಗೆ ತಿರುಗುತ್ತದೆ. ಬಿಸಿಯನ್ನು 150 ಡಿಗ್ರಿ ದಾಟಲು ಬಿಡುವುದಿಲ್ಲ ಅನ್ನುತ್ತದೆ ಕಂಪನಿ. ಸಾಮಾನ್ಯ ಐರನ್‌ಗಳು ಸಲೀಸಾಗಿ 200ಕ್ಕೆ ಹೋಗುತ್ತವೆ. ನಿಮ್ಮ ದುಡ್ಡು ಹೋಗುವುದು ಮುಖ್ಯವಾಗಿ ಇಲ್ಲಿಗೆ, ಅಂದರೆ ಕೂದಲು ಸುಡದೆ ಸುತ್ತುವುದಕ್ಕೆ. ದಿನ ಬಿಟ್ಟು ದಿನ ಬಿಸಿ ಕೊಡುವವರಿಗೆ ಇದು ದೊಡ್ಡ ವಿಷಯ. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಕೊಡುವವರಿಗೆ? ಎರಡು ಸಾವಿರದ ಐರನ್ ಸಾಕು. ಕೂದಲು ಪೂರ್ತಿ ಒಣಗಿರಲಿ, ಬಿಸಿ ಕಡಿಮೆ ಇಟ್ಟುಕೊಳ್ಳಿ, ಅಷ್ಟೇ. ಒದ್ದೆ ಕೂದಲಿಗೆ ಮಾತ್ರ ಕಾದ ಐರನ್ ಇಡಬೇಡಿ. ಒಳಗಿನ ನೀರು ಆವಿಯಾಗಿ ಉಬ್ಬಿ ಕೂದಲಿನ ಎಳೆಯನ್ನೇ ಹಾಳು ಮಾಡುತ್ತದೆ.

ಈಗ ಜಾಹೀರಾತಿನಲ್ಲಿ ಯಾರೂ ಹೇಳದ ಮಾತು. ಸುರುಳಿ ನಿಲ್ಲುತ್ತದಾ?

ಕೂದಲು ಅಂದರೆ ಕೆರಾಟಿನ್ ಅನ್ನೋ ಪ್ರೋಟೀನ್. ಅದರೊಳಗೆ ಹೈಡ್ರೋಜನ್ ಬಂಧಗಳು ಅಂತ ಇವೆ. ನೀರು ಅಥವಾ ಬಿಸಿ ತಾಗಿದರೆ ಬಿಡಿಸಿಕೊಳ್ಳುತ್ತವೆ. ಒಣಗಿ ತಣ್ಣಗಾದಾಗ ಯಾವ ಆಕಾರದಲ್ಲಿರುತ್ತವೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಅದಕ್ಕೇ ಕೊನೆಯಲ್ಲಿ ತಣ್ಣನೆ ಗಾಳಿ ಬಿಡುವ ಗುಂಡಿ ಇರುವುದು. ಅದನ್ನು ಒತ್ತದೆ ಕೊಳವೆ ಎಳೆದುಬಿಟ್ಟು "ನನಗೆ ಇದು ವರ್ಕ್ ಆಗಲ್ಲ" ಅನ್ನುವವರು ಬಹಳ ಜನ. ಆದರೆ ತಣ್ಣಗೆ ಮಾಡಿದ ಮೇಲೂ ಗಾಳಿಯಲ್ಲಿರುವ ತೇವ ಆ ಬಂಧಗಳನ್ನು ಮತ್ತೆ ಸಡಿಲಿಸುತ್ತದೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಅಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯಲ್ಲ, ಕೂದಲು ಉಳಿಯುತ್ತಾ? ಕಲಬುರಗಿ, ರಾಯಚೂರಿನ ಒಣ ಗಾಳಿಯಲ್ಲಿ, ಬೆಂಗಳೂರಿನ ಡಿಸೆಂಬರ್‌ನಲ್ಲಿ ಸುರುಳಿಗೆ ಆಯಸ್ಸು ಜಾಸ್ತಿ.

ಕೂದಲಿನ ಜಾತಕವೂ ನೋಡಬೇಕು. ಸೊಂಟದವರೆಗಿನ ದಪ್ಪ, ನೇರ ಕೂದಲಿದ್ದರೆ ತನ್ನ ಭಾರಕ್ಕೇ ಸುರುಳಿ ಇಳಿದುಹೋಗುತ್ತದೆ. ಕೊಬ್ಬರಿ ಎಣ್ಣೆ ಸ್ವಲ್ಪ ಉಳಿದಿದ್ದರಂತೂ ಮುಗಿಯಿತು. ಮೂಸ್ ಅನ್ನೋ ನೊರೆ, ಸ್ಪ್ರೇ ಎಲ್ಲ ಹಾಕಿದರೆ ಒಂದಷ್ಟು ಹೊತ್ತು ನಿಲ್ಲುತ್ತದೆ. ಆ ಖರ್ಚು ಬೇರೆ, ಅದು 45 ಸಾವಿರದಲ್ಲಿ ಸೇರಿಲ್ಲ.

ಒಂದು ಲೆಕ್ಕ ಹಾಕಿ. ವರ್ಷಕ್ಕೆ ಹತ್ತು ಫಂಕ್ಷನ್, ಯಂತ್ರ ಐದು ವರ್ಷ ಬಾಳಿಕೆ ಬರುತ್ತದೆ ಅಂತಿಟ್ಟುಕೊಳ್ಳಿ. ಒಂದು ಸಲಕ್ಕೆ 900 ರೂಪಾಯಿ ಬಿತ್ತು, ಅದೂ ನೀವೇ ಕೈ ನೋಯಿಸಿಕೊಂಡು ಮಾಡಿದ್ದಕ್ಕೆ. ಆ ಹತ್ತರಲ್ಲೂ ಮುಹೂರ್ತಕ್ಕೆ ಜಡೆ, ಮಲ್ಲಿಗೆ. ಸುರುಳಿ ಬೇಕಾಗುವುದು ರಿಸೆಪ್ಷನ್ ಸಂಜೆಗೆ ಮಾತ್ರ, ಅಲ್ವಾ? ಅದೇ ವಾರಕ್ಕೆ ಎರಡು ಸಲ ಬಳಸುವವರಿಗೆ ಒಂದು ಸಲಕ್ಕೆ 90 ರೂಪಾಯಿ ಕೂಡ ಬೀಳುವುದಿಲ್ಲ. ನೋ ಕಾಸ್ಟ್ ಇಎಂಐ ಇದೆ ಅನ್ನೋದು ಈ ಲೆಕ್ಕವನ್ನು ಒಂದು ಪೈಸೆಯೂ ಬದಲಿಸಲ್ಲ.

ಮೂರು ಸಾವಿರಕ್ಕೆ ಆನ್‌ಲೈನ್‌ನಲ್ಲಿ ಸಿಗುವ "5 ಇನ್ 1" ನಕಲುಗಳ ಬಗ್ಗೆ ಹೆಚ್ಚು ಹೇಳಲ್ಲ. ಆಕಾರ ಅದೇ, ಬಣ್ಣ ಅದೇ, ಗಾಳಿಗೆ ಮಾತ್ರ ಆ ಜೋರಿಲ್ಲ. ಕೂದಲು ತಾನಾಗಿ ಸುತ್ತಿಕೊಳ್ಳಲ್ಲ, ನೀವೇ ಸುತ್ತಬೇಕು.

ಅಮೆರಿಕದಲ್ಲಿರುವ ಅಕ್ಕನಿಗೋ ಚಿಕ್ಕಮ್ಮನಿಗೋ "ಬರುವಾಗ ಒಂದು ತಗೊಂಡು ಬಾ" ಅಂತ ಮೆಸೇಜ್ ಹಾಕಲು ಹೊರಟಿದ್ದರೆ ನಿಲ್ಲಿ. ಅಲ್ಲಿನದು 120 ವೋಲ್ಟಿನದು, ನಮ್ಮದು 230. ಪ್ಲಗ್ ಅಡಾಪ್ಟರ್ ಬರೀ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸಲ್ಲ. ಸರ್ವಿಸ್‌ಗೆ ಹೋದರೆ ವಾರಂಟಿಯ ತಕರಾರು ಬೇರೆ.

ಇಷ್ಟೆಲ್ಲ ಕೇಳಿಯೂ ಬೇಕು ಅನ್ನಿಸಿದರೆ ಆನ್‌ಲೈನ್‌ನಲ್ಲಿ ಒತ್ತಬೇಡಿ. ಡೆಮೋ ಕೊಡುವ ಅಂಗಡಿಗೇ ಹೋಗಿ. ಎಣ್ಣೆ ಇಲ್ಲದ ಕೂದಲಿನಲ್ಲಿ ಹೋಗಿ, ಅರ್ಧ ತಲೆಯನ್ನು ನಾನೇ ಸುತ್ತಿ ನೋಡುತ್ತೇನೆ ಅನ್ನಿ. ಅಲ್ಲಿ ಏಸಿ ಇರುತ್ತದೆ, ಎಲ್ಲವೂ ಚೆನ್ನಾಗಿ ಕಾಣುತ್ತದೆ. ಕಾರ್ಡ್ ತೆಗೆಯಬೇಡಿ. ಹೊರಗೆ ಬಂದು ಊಟ ಮಾಡಿ, ಬಸ್ಸಲ್ಲೋ ಸ್ಕೂಟರಲ್ಲೋ ಒಂದು ಸುತ್ತು ಹಾಕಿ, ಸಂಜೆ ಕನ್ನಡಿ ನೋಡಿಕೊಳ್ಳಿ. ಆಗಲೂ ಸುರುಳಿ ಇದ್ದರೆ, ವಾರಕ್ಕೆರಡು ಸಲ ಇದನ್ನು ಮಾಡೋ ತಾಳ್ಮೆಯೂ ಇದ್ದರೆ, ತಗೊಳ್ಳಿ. ಮನೆಯಲ್ಲಿ ಬೆಲೆ ಎಷ್ಟು ಅಂತ ಹೇಳಬೇಕು ಅನ್ನೋದು ನಿಮಗೇ ಬಿಟ್ಟಿದ್ದು.