ಎರಡನೆಯವನು ಯಾರು, ನೋಡಿಕೊಂಡು ಬಾ

ಕೇಳುಗರೇ, ನಮಸ್ಕಾರ.

ಪರೀಕ್ಷೆಗೆ ಹೊರಟ ಮಗನಿಗೆ ಅಪ್ಪ ಏನು ಹೇಳುತ್ತಾನೆ? ಎರಡು ಪೆನ್ನು ಇಟ್ಟುಕೋ, ಹಾಲ್ ಟಿಕೆಟ್ ಮರೀಬೇಡ, ಅಲ್ವಾ? ಸ್ಕಾಟ್ಲೆಂಡಿನ ಒಬ್ಬ ಅಪ್ಪ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಮಗನಿಗೆ ಹೀಗೆ ಕಾಗದ ಬರೆದ: ಮುಂಗೈಗೆ ಉಣ್ಣೆಪಟ್ಟಿ ಹಾಕಿಕೋ, ಕಾಲಿಗೆ ಕಂಬಳಿ ಸುತ್ತಿಕೊಂಡು ಕೂತುಕೋ. ಜನವರಿಯ ಚಳಿ, ಸೆನೆಟ್ ಹೌಸ್ ಎಂಬ ದೊಡ್ಡ ಹಾಲು. 1854ನೇ ಇಸವಿ. ಎಂಟು ದಿನ, 16 ಪ್ರಶ್ನೆಪತ್ರಿಕೆ, 211 ಪ್ರಶ್ನೆ. ಒಟ್ಟು ನಲವತ್ತನಾಲ್ಕೂವರೆ ಗಂಟೆ. ಎಲ್ಲ ಗಣಿತ.

ಆ ಮಗನ ಹೆಸರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್.

ಈ ಪರೀಕ್ಷೆಗೆ ಟ್ರೈಪಾಸ್ ಅನ್ನುತ್ತಾರೆ. ಮೊದಲ ದರ್ಜೆಯಲ್ಲಿ ಪಾಸಾದವರು ರ‍್ಯಾಂಗ್ಲರ್‌ಗಳು. ಎಲ್ಲರಿಗಿಂತ ಮುಂದೆ ಬಂದವನು ಸೀನಿಯರ್ ರ‍್ಯಾಂಗ್ಲರ್. ಧಾರವಾಡದ ಕಡೆಯ ಹಿರಿಯರಿಗೆ ಈ ಪದ ಗೊತ್ತಿರುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆ ಅವರೂ ರ‍್ಯಾಂಗ್ಲರ್.

ಮ್ಯಾಕ್ಸ್‌ವೆಲ್ ಎಷ್ಟನೆಯವನಾಗಿ ಬಂದ? ಎರಡನೆಯವನಾಗಿ. ಮೊದಲ ಸ್ಥಾನ ಎಡ್ವರ್ಡ್ ರೌತ್‌ಗೆ. ರೌತ್ ಏನೂ ಸಾಮಾನ್ಯನಲ್ಲ. ಯಂತ್ರ ಹದ ತಪ್ಪದೆ ಓಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಅವನ ವಿಧಾನವನ್ನು ಇಂಜಿನಿಯರಿಂಗ್ ಹುಡುಗರು ಇವತ್ತಿಗೂ ಕಲಿಯುತ್ತಾರೆ. ಆದರೆ ಬೆಳಕು, ವಿದ್ಯುತ್ತು, ಅಯಸ್ಕಾಂತ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದವನು ಎರಡನೆಯವನು. ನನ್ನ ದನಿಯನ್ನು ನಿಮ್ಮ ಮನೆಗೆ ಹೊತ್ತು ತರುವ ರೇಡಿಯೋ ಅಲೆಯ ಸುಳಿವು ಮೊದಲು ಸಿಕ್ಕಿದ್ದು ಅವನ ಲೆಕ್ಕದಲ್ಲೇ.

ಟ್ರೈಪಾಸ್ ಮುಗಿದ ಮೇಲೆ ಸ್ಮಿತ್ ಬಹುಮಾನಕ್ಕೆ ಇನ್ನೊಂದು ಪರೀಕ್ಷೆ. ಅಲ್ಲಿ ಅವಸರ ಕಡಿಮೆ, ಯೋಚನೆ ಜಾಸ್ತಿ. ಈ ಸಲ ಇಬ್ಬರೂ ಸಮ. ಅದರಲ್ಲಿ ಕೇಂಬ್ರಿಜ್‌ನ ಗಣಿತ ಪ್ರಾಧ್ಯಾಪಕ ಸ್ಟೋಕ್ಸ್ ಕೇಳಿದ್ದ ಎಂಟನೇ ಪ್ರಶ್ನೆಯೇ ಇವತ್ತು ಬಿಎಸ್ಸಿ ಮಕ್ಕಳು ಓದುವ ಸ್ಟೋಕ್ಸ್ ಪ್ರಮೇಯ. ಮುಂದೆ ವಿದ್ಯುತ್ತಿನ ಲೆಕ್ಕಕ್ಕೆ ಮ್ಯಾಕ್ಸ್‌ವೆಲ್ ಅದನ್ನೇ ಬಳಸಿಕೊಂಡ. ಪ್ರಶ್ನೆಪತ್ರಿಕೆಯಿಂದ ಇಂಥ ಲಾಭ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ!

ಒಂಬತ್ತು ವರ್ಷ ಹಿಂದೆ, 1845ರಲ್ಲಿ, ವಿಲಿಯಂ ಥಾಮ್ಸನ್ ಪರೀಕ್ಷೆ ಬರೆದಿದ್ದ. ಮುಂದೆ ಲಾರ್ಡ್ ಕೆಲ್ವಿನ್ ಆದವನು. ಮೊದಲ ಸ್ಥಾನ ತನ್ನದೇ ಅಂತ ಅವನಿಗೆ ಎಷ್ಟು ನಂಬಿಕೆ ಇತ್ತೆಂದರೆ, ಆಳನ್ನು ಕರೆದು ‘ಎರಡನೆಯವನು ಯಾರು, ನೋಡಿಕೊಂಡು ಬಾ’ ಅಂದನಂತೆ. ಆಳು ಬಂದು ಹೇಳಿದ: ‘ನೀವೇ ಸ್ವಾಮಿ.’ ಕಥೆ ನಿಜವೋ ಕಟ್ಟಿದ್ದೋ, ಫಲಿತಾಂಶವಂತೂ ನಿಜ. ಮೊದಲು ಬಂದವನು ಪಾರ್ಕಿನ್ಸನ್, ಕೈ ಬಲು ಚುರುಕು. ಸ್ಮಿತ್ ಬಹುಮಾನದಲ್ಲಿ ಥಾಮ್ಸನ್ ಅವನನ್ನು ಹಿಂದೆ ಹಾಕಿದ. ಎಲೆಕ್ಟ್ರಾನ್ ಕಂಡುಹಿಡಿದ ಜೆ. ಜೆ. ಥಾಮ್ಸನ್ ಕೂಡ 1880ರಲ್ಲಿ ಎರಡನೆಯವನೇ.

ಹಾಗಂತ ಅಂಕ ಸುಳ್ಳು ಅನ್ನೋ ಹಾಗಿಲ್ಲ. ಸ್ಟೋಕ್ಸ್ ಮೊದಲನೆಯವನು, 1841ರಲ್ಲಿ. ನೊಬೆಲ್ ಪಡೆದ ರ‍್ಯಾಲೀ ಮೊದಲನೆಯವನು, 1865ರಲ್ಲಿ. ನೂರಾರು ಹುಡುಗರ ರಾಶಿಯಿಂದ ಗಟ್ಟಿಕಾಳು ಆರಿಸಲು ಆ ಪರೀಕ್ಷೆಗೆ ಬರುತ್ತಿತ್ತು. ಆ ಗಟ್ಟಿಕಾಳುಗಳಲ್ಲಿ ಯಾವುದು ಮರವಾಗುತ್ತದೆ ಅನ್ನೋದು ಅದಕ್ಕೆ ತಿಳಿಯುತ್ತಿರಲಿಲ್ಲ. ಅದೂ ಭೌತವಿಜ್ಞಾನದ ಮಟ್ಟಿಗೆ ಮಾತ್ರ. ಡಾರ್ವಿನ್ ಓದಿದ್ದೂ ಇದೇ ಊರಲ್ಲಿ. ಅವನಿಗೆ ಗಣಿತ ಒಗ್ಗಲೇ ಇಲ್ಲ.

ಮೊದಲು, ಎರಡು, ಮೂರು ಅಂತ ಸಾಲಾಗಿ ಹೆಸರು ಓದುವ ಪದ್ಧತಿ 1909ಕ್ಕೆ ಕೊನೆಯಾಯಿತು. ಅದು ಹೋಗಲಿ ಎಂದು ಗಟ್ಟಿಯಾಗಿ ವಾದಿಸಿದವರಲ್ಲಿ ರಾಮಾನುಜನ್ ಅವರನ್ನು ಕರೆಸಿಕೊಂಡ ಹಾರ್ಡಿಯೂ ಒಬ್ಬ. ಅವನು ನಾಲ್ಕನೆಯವನಾಗಿದ್ದ.

ನಾಲ್ಕನೆಯವನು ಅಂದಾಗ ಜಾರ್ಜ್ ಗ್ರೀನ್ ನೆನಪಾಗುತ್ತಾನೆ. ನಾಟಿಂಗ್‌ಹ್ಯಾಮ್‌ನ ಗಾಳಿಗಿರಣಿಯವನು. ಚಿಕ್ಕಂದಿನಲ್ಲಿ ಶಾಲೆ ಕಂಡಿದ್ದು ಒಂದು ವರ್ಷ ಚಿಲ್ಲರೆ. ಹಿಟ್ಟು ಬೀಸುತ್ತಲೇ ಗಣಿತ ಕಲಿತು, 1828ರಲ್ಲಿ ವಿದ್ಯುತ್ತು ಮತ್ತು ಕಾಂತತೆಯ ಮೇಲೆ ಒಂದು ಪುಸ್ತಕ ಅಚ್ಚು ಹಾಕಿಸಿದ. ಗ್ರೀನ್ ಫಂಕ್ಷನ್ ಅಂತ ಎಂಎಸ್ಸಿಯಲ್ಲಿ ಓದುತ್ತಾರಲ್ಲ, ಅದರ ಬೇರು ಅಲ್ಲಿದೆ. ಆಮೇಲೆ, 40ನೇ ವಯಸ್ಸಿನಲ್ಲಿ, ಕೇಂಬ್ರಿಜ್ ಸೇರಿದ. 1837ರಲ್ಲಿ ನಾಲ್ಕನೆಯವನಾಗಿ ಪಾಸಾದ. ದೊಡ್ಡ ಕೆಲಸ ಮಾಡಿ ಒಂಬತ್ತು ವರ್ಷ ಆಗಿತ್ತು!

ಆ ಪುಸ್ತಕಕ್ಕಾಗಿ ಕೆಲ್ವಿನ್ ಹುಡುಕುತ್ತಿದ್ದ. ಫಲಿತಾಂಶ ಬಂದ ಮೇಲೆ ತನಗೆ ಟ್ಯೂಷನ್ ಹೇಳಿದ್ದ ಹಾಪ್ಕಿನ್ಸ್ ಮೇಷ್ಟ್ರ ಹತ್ತಿರ ಸುಮ್ನೆ ಮಾತೆತ್ತಿದ. ‘ನನ್ನ ಹತ್ತಿರವೇ ಇದೆಯಲ್ಲ’ ಅಂತ ಮೇಷ್ಟ್ರು ಪ್ರತಿಗಳನ್ನು ತೆಗೆದುಕೊಟ್ಟರು. ಪರೀಕ್ಷೆ ಮುಗಿಯುವ ತನಕ ಅವು ಅವರ ಮನೆಯಲ್ಲೇ ಇದ್ದವು.

ನಮಸ್ಕಾರ.