ಲಿಫ್ಟ್‌ನಲ್ಲಿ ಇಬ್ಬರೇ ಇದ್ದಾಗ

ಈಗ ಕಾಣುತ್ತಿರುವುದು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ನಮ್ಮ ಲ್ಯಾಬ್ ಇರುವ ಕಟ್ಟಡ. ಆ ಲಿಫ್ಟ್ ನೋಡಿ, ಇವತ್ತಿನ ಮಾತು ಶುರುವಾಗಿದ್ದು ಅಲ್ಲಿಂದಲೇ.

ನನ್ನ ಜೊತೆ ಕೆಲಸ ಮಾಡುವ ಕೊರಿಯನ್ ಹುಡುಗಿ ಮೀಟಿಂಗ್‌ನಲ್ಲಿ ಇಂಗ್ಲಿಷ್‌ಗೆ ಬಾಯೇ ಬಿಡುತ್ತಿರಲಿಲ್ಲ. ಒಂದು ದಿನ ಲಿಫ್ಟ್‌ನಲ್ಲಿ ನಾವಿಬ್ಬರೇ. ಅವರಮ್ಮನ ಮಂಡಿನೋವು, ಊರಿನ ಮಳೆ, ಎಲ್ಲ ಇಂಗ್ಲಿಷ್‌ನಲ್ಲೇ ಸಲೀಸಾಗಿ ಹೇಳಿದಳು. ಮೂರನೇ ಮಹಡಿಯಲ್ಲಿ ಕೊರಿಯನ್ ಸೀನಿಯರ್ ಒಬ್ಬರು ಹತ್ತಿದರು. ಮಾತು ಅಲ್ಲಿಗೇ ನಿಂತಿತು.

ಅಂದರೆ ಅವಳಿಗೆ ಹೆದರಿಕೆ ವಿದೇಶಿಯವನಾದ ನನ್ನದಲ್ಲ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ತಮ್ಮವರದ್ದು.

ಈ ಹೆದರಿಕೆಗೆ ಇಲ್ಲಿ ಹೆಸರೇ ಇದೆ, 'ಯೊಂಗೊ ಉಲ್ಲೊಂಗ್‌ಜುಂಗ್'. ಇಂಗ್ಲಿಷ್ ಅಂದರೆ ಹೊಟ್ಟೆ ತೊಳಸಿದ ಹಾಗಾಗುವುದು.

ಇಲ್ಲಿ 1997ರಿಂದ ಮೂರನೇ ತರಗತಿಗೇ ಇಂಗ್ಲಿಷ್ ಶುರು. ಸ್ಕೂಲ್ ಬಿಟ್ಟ ಮೇಲೆ ಹಾಗ್‌ವಾನ್, ಅಂದರೆ ಟ್ಯೂಷನ್ ಸೆಂಟರ್. ಕಾಲೇಜು ಸೇರಲು ನವೆಂಬರ್‌ನಲ್ಲಿ ಸುನುಂಗ್ ಪರೀಕ್ಷೆ. ಅದರಲ್ಲಿ ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಭಾಗ ನಡೆಯುವಾಗ, ಸದ್ದಾಗಬಾರದು ಅಂತ ಸುಮಾರು 35 ನಿಮಿಷ ದೇಶದಲ್ಲಿ ವಿಮಾನಗಳು ಏರುವಂತಿಲ್ಲ, ಇಳಿಯುವಂತಿಲ್ಲ! ಇಷ್ಟೆಲ್ಲ ಮಾಡಿದರೂ ಆ ಪರೀಕ್ಷೆಯಲ್ಲಿ ಬಾಯಿ ತೆರೆದು ಒಂದು ಮಾತಾಡುವುದೂ ಇಲ್ಲ. ಮಕ್ಕಳಿಗೆ ಇಂಗ್ಲಿಷ್ ಅಂದರೆ ಸರಿ ಇಲ್ಲವೇ ತಪ್ಪು, ಅಷ್ಟೇ.

ನನಗೆ ಜಾಸ್ತಿ ಬೇಜಾರಾಗಿದ್ದು ಇನ್ನೊಂದು ವಿಷಯಕ್ಕೆ. ಇಂಗ್ಲಿಷ್ ಕಲಿಯಲಿ ಅಂತ ಹೆಂಡತಿ ಮಕ್ಕಳನ್ನು ಹೊರದೇಶಕ್ಕೆ ಕಳಿಸಿ, ಇಲ್ಲಿ ಒಬ್ಬರೇ ದುಡಿಯುವ ಅಪ್ಪಂದಿರಿದ್ದಾರೆ. 'ಗಿರೊಗಿ ಅಪ್ಪ' ಅಂತಾರೆ. ಗಿರೊಗಿ ಅಂದರೆ ದೂರ ದೂರಕ್ಕೆ ಹಾರುವ ಕಾಡುಬಾತು. ಹಾಗೆ ಕಲಿತು ಬಂದ ಮಗು ಕ್ಲಾಸ್‌ನಲ್ಲಿ ಚೆನ್ನಾಗಿ ಉಚ್ಚರಿಸಿದರೆ 'ಜಂಬ' ಅನ್ನಿಸಿಕೊಳ್ಳಬಹುದು. ಅದಕ್ಕೇ ಕೆಲವರು ಬೇಕಂತಲೇ ಕೊರಿಯನ್ ಧಾಟಿಯಲ್ಲಿ ಓದುತ್ತಾರೆ. ತಪ್ಪಾದರೆ ನಗು, ಸರಿಯಾದರೆ ಜಂಬ. ಆ ಮಗು ಏನು ಮಾಡಬೇಕು ಹೇಳಿ?

ನಾನು ಹಾಸನದ ಕನ್ನಡ ಮೀಡಿಯಂ ಹುಡುಗ. ಪಿಯುಸಿಯಲ್ಲಿ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ಕೂತವನು. ಅವಳ ಮೌನ ನನಗೆ ಹೊಸದಲ್ಲ.

ಅದಕ್ಕೇ ಈಗ ಮೀಟಿಂಗ್‌ನಲ್ಲಿ ಎಲ್ಲರೆದುರು ಅವಳನ್ನು ಏನೂ ಕೇಳುವುದಿಲ್ಲ. ಊಟ ಆದ ಮೇಲೆ ಇಬ್ಬರೂ ಈ ಹೊಳೆ ದಂಡೆಯಲ್ಲಿ ನಡೆಯುತ್ತೇವೆ. ನಾನು ಹರಕು ಮುರುಕು ಕೊರಿಯನ್‌ನಲ್ಲಿ, ಅವಳು ಇಂಗ್ಲಿಷ್‌ನಲ್ಲಿ. ಅವರಮ್ಮನ ಮಂಡಿ ಈಗ ಪರವಾಗಿಲ್ಲವಂತೆ.